ಬ್ಲೇಸ್ ಪಾಸ್ಕಲ್: ಲೆಕ್ಕ ಸರಿ, ಆದರೆ ಯಾರ ಪರ?

ಪಂಕ್ಚರ್ ಅಂಗಡಿಯ ಗೇಜಿನಲ್ಲಿ 32 ಪಿಎಸ್ಐ ಅಂತ ಕಾಣೋ ಒತ್ತಡವೇ ಕಾರಿನ ಕೈಪಿಡಿಯಲ್ಲಿ 2.2 ಬಾರ್ ಅಂತಲೋ 220 ಕಿಲೋಪಾಸ್ಕಲ್ ಅಂತಲೋ ಇರುತ್ತೆ. ಈ ಕೊನೆಯ ಮಾನಕ್ಕೆ ಹೆಸರು ಕೊಟ್ಟವನ ಕಥೆ ಶುರುವಾಗೋದೂ ಇಂಥದ್ದೇ ಮಾನ ಪರಿವರ್ತನೆಯ ತಲೆನೋವಿನಿಂದ.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರಲ್ಲಿ, ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ. 1639ರಲ್ಲಿ ನಾರ್ಮಂಡಿಯ ಜನ ಉಪ್ಪಿನ ತೆರಿಗೆ ವಿರುದ್ಧ ದಂಗೆ ಎದ್ದರು. ಸರ್ಕಾರ ಸೈನ್ಯ ಕಳಿಸಿ ಹತ್ತಿಕ್ಕಿತು. ಆ ಪ್ರಾಂತ್ಯದ ರೂಯೆನ್ ಪಟ್ಟಣಕ್ಕೆ ತೆರಿಗೆ ಅಧಿಕಾರಿಯಾಗಿ ಹೋದವನು ಪಾಸ್ಕಲ್‌ನ ಅಪ್ಪ. 12 ದೆನಿಯೆಗೆ ಒಂದು ಸೋಲ್, 20 ಸೋಲಿಗೆ ಒಂದು ಲೀವ್ರ್. ನಮ್ಮ ಹಳೇ ಪೈ-ಆಣೆ-ರೂಪಾಯಿ ಥರದ್ದೇ ಗೋಜಲು. ಅಪ್ಪನ ಹೊರೆ ಇಳಿಸೋಕೆ 1642ರಲ್ಲಿ ಮಗ ಹಲ್ಲುಚಕ್ರಗಳ ಕೂಡುವ ಯಂತ್ರ ಕಟ್ಟಲು ಹೊರಟ. ಕಂಪ್ಯೂಟರ್ ಇತಿಹಾಸ ಹೆಮ್ಮೆಯಿಂದ ನೆನೆಯೋ ಈ ಯಂತ್ರದ ಮೊದಲ ಕೆಲಸ, ಸೋತ ಬಂಡುಕೋರರ ನಾಡಿನಲ್ಲಿ ತೆರಿಗೆ ಲೆಕ್ಕ ಹಾಕೋದು.

ಅದೇ ಪಾಸ್ಕಲ್ ಮುಂದೆ ದೊಡ್ಡವರ ಮಾತನ್ನೇ ಅಳತೆಗೆ ಹಚ್ಚಿದ. ಪ್ರಕೃತಿ ಶೂನ್ಯವನ್ನು ಸಹಿಸಲ್ಲ ಅನ್ನೋದು ಪಂಡಿತರ ನಂಬಿಕೆ. ಕೊಳವೆಯಲ್ಲಿ ಪಾದರಸವನ್ನು ಎತ್ತಿ ಹಿಡಿಯೋದು ಗಾಳಿಯ ತೂಕವೇ ಆಗಿದ್ರೆ, ಬೆಟ್ಟದ ಮೇಲೆ ಅದು ಕೆಳಗಿಳಿಯಬೇಕು. 1648ರ ಸೆಪ್ಟೆಂಬರ್ 19ರಂದು ಅವನ ಭಾವ ಪೆರಿಯೆ, ಪ್ಯೂಯಿ ದ ಡೋಮ್ ಬೆಟ್ಟ ಹತ್ತಿ ನೋಡಿದ. ಪಾದರಸ ಸುಮಾರು 8.5 ಸೆಂ.ಮೀ. ಇಳಿದಿತ್ತು, ಇವತ್ತಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ 11,300 ಪಾಸ್ಕಲ್. ಬುಡದಲ್ಲಿ ಇಟ್ಟುಹೋಗಿದ್ದ ಇನ್ನೊಂದು ಕೊಳವೆಯಲ್ಲಿ ಏನೂ ಬದಲಾಗಿರಲಿಲ್ಲ.

ಇನ್ನು ದ್ರವದ ವಿಷಯ. ಮುಚ್ಚಿದ ಪಾತ್ರೆಯ ದ್ರವಕ್ಕೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತೆ. 1 ಚದರ ಸೆಂ.ಮೀ. ಪಿಸ್ಟನ್ ಮೇಲೆ 100 ನ್ಯೂಟನ್ ಬಲ ಹಾಕಿ. ಒತ್ತಡ 10 ಲಕ್ಷ ಪಾಸ್ಕಲ್, ಅಂದ್ರೆ 10 ಬಾರ್, 145 ಪಿಎಸ್ಐ. ಅದೇ ಒತ್ತಡ 100 ಚದರ ಸೆಂ.ಮೀ. ಪಿಸ್ಟನ್ ತಲುಪಿದಾಗ 10,000 ನ್ಯೂಟನ್: ಸುಮಾರು ಒಂದು ಟನ್ ಎತ್ತುವ ಬಲ. ಒಬ್ಬನ ಕೈಗೆ ನೂರು ಜನರ ಶಕ್ತಿ. ಆದರೆ ಪುಕ್ಕಟೆ ಅಲ್ಲ. ದೊಡ್ಡದು 1 ಸೆಂ.ಮೀ. ಏರಬೇಕಾದ್ರೆ ಚಿಕ್ಕದು 100 ಸೆಂ.ಮೀ. ಇಳಿಯಬೇಕು. ಜೆಸಿಬಿಯ ತೋಳು ನಡೆಯೋದು ಇದೇ ತತ್ವದ ಮೇಲೆ. ಈ ಬರಹ ಅಚ್ಚಾಗಿದ್ದು ಅವನು ಸತ್ತ ಮೇಲೆ, 1663ರಲ್ಲಿ.

1662ರ ಮಾರ್ಚ್‌ನಲ್ಲಿ, ಕಾಯಿಲೆಯ ನಡುವೆಯೇ, ಪಾಸ್ಕಲ್ ಮತ್ತು ಗೆಳೆಯರು ಪ್ಯಾರಿಸ್‌ನಲ್ಲಿ ಐದು ಸೋಲ್ ದರದ ಕುದುರೆ ಬಂಡಿ ಶುರು ಮಾಡಿದರು. ಗೊತ್ತಾದ ದಾರಿ, ಗೊತ್ತಾದ ದರ, ಜನ ತುಂಬದಿದ್ದರೂ ಹೊರಡುವ ಬಂಡಿ. ನಮ್ಮ ಸಿಟಿ ಬಸ್ಸಿನ ಮುತ್ತಾತ ಅನ್ನಿ. ಆದರೆ ಪ್ಯಾರಿಸ್‌ನ ನ್ಯಾಯಮಂಡಳಿ ಸೈನಿಕರು, ಆಳುಗಳು, ಕೂಲಿಕಾರರು ಹತ್ತಬಾರದು ಅಂತ ಷರತ್ತು ಹಾಕಿತು. ಆ ವರ್ಷದ ಆಗಸ್ಟ್‌ನಲ್ಲೇ, 39ನೇ ವಯಸ್ಸಿಗೆ ಪಾಸ್ಕಲ್ ತೀರಿಕೊಂಡ.

ಅವನ ಹೆಸರು ಒತ್ತಡದ ಅಂತಾರಾಷ್ಟ್ರೀಯ ಮಾನವಾಗಿದ್ದು 1971ರಲ್ಲಿ. ಪಿಎಸ್ಐಯನ್ನು ಪಾಸ್ಕಲ್‌ಗೆ ತಿರುಗಿಸೋಕೆ 6,895ರಿಂದ ಗುಣಿಸಿದ್ರೆ ಸಾಕು. ತೆರಿಗೆ ಯಾರು ಕಟ್ಟಬೇಕು, ಬಂಡಿ ಯಾರು ಹತ್ತಬೇಕು ಅನ್ನೋದಕ್ಕೆ ಮಾತ್ರ ಅಂಥ ಗುಣಕ ಇಲ್ಲ. ಅಭಿವೃದ್ಧಿಯ ಅಂಕಿಅಂಶ ಯಾರಾದ್ರೂ ಮುಂದಿಟ್ಟಾಗ ಕೂಡುವುದು ಸರಿ ಇದೆಯಾ ಅಂತ ನೋಡಿ. ಆಮೇಲೆ, ನೂರು ಸೆಂ.ಮೀ. ಇಳಿಯೋರು ಯಾರು ಅಂತಲೂ ಕೇಳಿ.