ಶಾಂತಿಗಾಗಿ ಬದುಕಿದ ಬರ್ತಾ ಫಾನ್ ಸುಟ್ನರ್



ಶಾಂತಿ ಅಂದ ಕೂಡಲೆ ನಮಗೆಲ್ಲ ಬುದ್ಧ, ಅಶೋಕ, ಗಾಂಧೀಜಿ ನೆನಪಾಗುತ್ತಾರೆ. ಈ ಸಲದ ಗೋಡೆ ಪತ್ರಿಕೆಗೆ ನಾನು ದೂರದ ಯುರೋಪಿನ ಒಬ್ಬ ಮಹಿಳೆಯ ಬಗ್ಗೆ ಬರೆಯುತ್ತಿದ್ದೇನೆ. ಅವರೇ ಬರ್ತಾ ಫಾನ್ ಸುಟ್ನರ್. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಮಹಿಳೆ.

ಬರ್ತಾ 1843ರ ಜೂನ್ 9ರಂದು ಪ್ರಾಗ್ ನಗರದಲ್ಲಿ ಹುಟ್ಟಿದರು. ಆಗ ಆ ಊರು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಸೇನೆಯಲ್ಲಿ ದೊಡ್ಡ ಅಧಿಕಾರಿ. ಮಗಳು ಹುಟ್ಟುವ ಮೊದಲೇ ಅವರು ತೀರಿಕೊಂಡರು. ತಾಯಿಗೆ ಜೂಜಿನ ಹುಚ್ಚು. ಇದ್ದ ಹಣವೆಲ್ಲ ಅದರಲ್ಲೇ ಕರಗಿಹೋಯ್ತು. ಹಾಗಾಗಿ ಬರ್ತಾ 1873ರಲ್ಲಿ ವಿಯೆನ್ನಾದ ಸುಟ್ನರ್ ಎಂಬ ಮನೆತನದಲ್ಲಿ ನಾಲ್ಕು ಹೆಣ್ಣುಮಕ್ಕಳಿಗೆ ಮನೆಪಾಠ ಹೇಳುವ ಕೆಲಸಕ್ಕೆ ಸೇರಿದರು. ಆ ಮನೆಯ ಮಗ ಆರ್ಥರ್‌ಗೂ ಅವರಿಗೂ ಪ್ರೀತಿಯಾಯ್ತು. ಆರ್ಥರ್ ಏಳು ವರ್ಷ ಚಿಕ್ಕವರು. ಮನೆಯವರು ಒಪ್ಪಲಿಲ್ಲ.

1876ರಲ್ಲಿ ಬರ್ತಾ ಕೆಲಸ ಬಿಟ್ಟು ಪ್ಯಾರಿಸ್‌ಗೆ ಹೋದರು. ಅಲ್ಲಿ ಒಬ್ಬ ಶ್ರೀಮಂತರಿಗೆ ಕಾರ್ಯದರ್ಶಿ ಬೇಕಾಗಿತ್ತು. ಅವರು ಯಾರು ಗೊತ್ತಾ? ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್! ಆದರೆ ಬರ್ತಾ ಅಲ್ಲಿ ಕೆಲವೇ ದಿನ ಇದ್ದರು. ವಿಯೆನ್ನಾಕ್ಕೆ ವಾಪಸು ಬಂದು ಆರ್ಥರ್‌ರನ್ನು ಗುಟ್ಟಾಗಿ ಮದುವೆಯಾದರು. ಇಬ್ಬರೂ ಜಾರ್ಜಿಯಾ ದೇಶಕ್ಕೆ ಹೊರಟುಹೋಗಿ, ಪಾಠ ಹೇಳಿ, ಪತ್ರಿಕೆಗಳಿಗೆ ಬರೆದು ಒಂಬತ್ತು ವರ್ಷ ಜೀವನ ಮಾಡಿದರು. ಅಲ್ಲಿದ್ದಾಗಲೇ, 1877ರಲ್ಲಿ, ರಷ್ಯಾಕ್ಕೂ ತುರ್ಕಿಗೂ ಯುದ್ಧ ನಡೆಯಿತು. ಯುದ್ಧದ ಕಷ್ಟ ಅವರಿಗೆ ಹತ್ತಿರದಿಂದಲೇ ತಿಳಿಯಿತು.

1885ರಲ್ಲಿ ಊರಿಗೆ ಮರಳಿದ ಮೇಲೆ ಅವರು ಒಂದು ಕಾದಂಬರಿ ಬರೆದರು. 1889ರಲ್ಲಿ ಅದು ಅಚ್ಚಾಯಿತು. ಅದರ ಹೆಸರಿನ ಅರ್ಥ ಆಯುಧ ಕೆಳಗಿಡಿ ಅಂತ. ಯುದ್ಧದ ಕಥೆ ಅಂದರೆ ರಾಜರು, ಸೇನಾಪತಿಗಳು, ಗೆಲುವು ಇರುತ್ತದೆ ಅಲ್ಲವೇ? ಇದರಲ್ಲಿ ಕಥೆ ಹೇಳುವವಳು ಮಾರ್ತಾ ಎಂಬ ಹೆಣ್ಣುಮಗಳು. ಅವಳ ಬದುಕಿನಲ್ಲಿ ನಾಲ್ಕು ಯುದ್ಧಗಳು ಬರುತ್ತವೆ. ಮೊದಲ ಗಂಡ ಯುದ್ಧದಲ್ಲಿ ಸಾಯುತ್ತಾನೆ. ಎರಡನೇ ಗಂಡನನ್ನು ಗೂಢಚಾರ ಅಂತ ಅನುಮಾನಪಟ್ಟು ಗುಂಡಿಟ್ಟು ಕೊಲ್ಲುತ್ತಾರೆ.

ಇದನ್ನು ತಿಳಿದಾಗ ನನಗೆ ನಮ್ಮ ಅತ್ತೆಯ ನೆನಪಾಯ್ತು. ನಮ್ಮ ಸೋದರಮಾವ ಮಿಲಿಟರಿಯಲ್ಲಿದ್ದಾರೆ. ವಾರ್ತೆಯಲ್ಲಿ ಗಡಿ ಅನ್ನುವ ಮಾತು ಬಂದರೆ ಸಾಕು, ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ನಿಂತುಬಿಡುತ್ತಾರೆ. ಹಂಚಿನ ಮೇಲಿನ ರೊಟ್ಟಿ ಸೀದರೂ ಗೊತ್ತಾಗುವುದಿಲ್ಲ. ಮಾವನ ಕೆಲಸದ ಬಗ್ಗೆ ನಮಗೆ ಹೆಮ್ಮೆ ಇದೆ, ಭಯವೂ ಇದೆ. ಬರ್ತಾ ಆ ಭಯವನ್ನೇ ಬರೆದರು. ಅದಕ್ಕೇ ಇರಬೇಕು, ಆ ಪುಸ್ತಕ ಎಷ್ಟೋ ಭಾಷೆಗಳಿಗೆ ಅನುವಾದವಾಯಿತು.

ಬರ್ತಾ ಬರೆದು ಸುಮ್ಮನೆ ಕೂರಲಿಲ್ಲ. 1891ರಲ್ಲಿ ಆಸ್ಟ್ರಿಯಾದಲ್ಲಿ ಶಾಂತಿ ಸಂಘ ಕಟ್ಟಿದರು. ದೇಶ ದೇಶ ತಿರುಗಿ ಭಾಷಣ ಮಾಡಿದರು. ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದು ನಕ್ಕವು. ನೊಬೆಲ್‌ರಿಗೂ ಅವರಿಗೂ ಪತ್ರ ವ್ಯವಹಾರ ನಡೆದೇ ಇತ್ತು. ಭಯಂಕರ ಆಯುಧಗಳು ಬಂದರೆ ಜನ ಹೆದರಿ ಯುದ್ಧ ಬಿಡುತ್ತಾರೆ ಎಂದು ನೊಬೆಲ್ ನಂಬಿದ್ದರು. ಬರ್ತಾ ಅದನ್ನು ಒಪ್ಪಲಿಲ್ಲ. ನೊಬೆಲ್ 1895ರಲ್ಲಿ ಉಯಿಲು ಬರೆದಾಗ ಶಾಂತಿಗೂ ಒಂದು ಬಹುಮಾನ ಇಟ್ಟರು. 1905ರ ಆ ಬಹುಮಾನ ಬರ್ತಾ ಅವರಿಗೇ ಬಂತು.

1912ರಲ್ಲಿ ವಿಮಾನದಿಂದ ಬಾಂಬು ಹಾಕುವ ಯುದ್ಧದ ವಿರುದ್ಧವೂ ಅವರು ಬರೆದು ಎಚ್ಚರಿಸಿದರು. 1914ರ ಜೂನ್ 21ರಂದು ತೀರಿಕೊಂಡರು. ಸರಿಯಾಗಿ ಒಂದು ವಾರಕ್ಕೆ ಸರಾಯೆವೊ ಊರಿನಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಜುಲೈ 28ರಂದು ಮೊದಲ ಮಹಾಯುದ್ಧ ಶುರುವಾಯಿತು. ಸುಮಾರು 90 ಲಕ್ಷ ಸೈನಿಕರು ಸತ್ತರು. ನಮ್ಮ ಮೈಸೂರು ಸಂಸ್ಥಾನದ ಕುದುರೆ ಸೈನಿಕರೂ ಸಮುದ್ರ ದಾಟಿ ಹೋಗಿ 1918ರಲ್ಲಿ ಹೈಫಾ ಊರಿನಲ್ಲಿ ಹೋರಾಡಿದರು.

ಹಾಗಾದರೆ ಬರ್ತಾ ಪಟ್ಟ ಶ್ರಮ ಎಲ್ಲಾ ನೀರಲ್ಲಿ ಹೋಮ ಮಾಡಿದ ಹಾಗೆ ಆಯ್ತೇ? ನಾನು ಇದನ್ನು ಬಹಳ ಯೋಚಿಸಿದೆ. ನನಗೆ ಹಾಗೆ ಅನಿಸುವುದಿಲ್ಲ.

ನಮ್ಮೂರಲ್ಲಿ ಇಬ್ಬರಿಗೆ ಹೊಲದ ಬದುವಿನ ಜಗಳವಾದರೆ ಏನು ಮಾಡುತ್ತೇವೆ? ಹಿರಿಯರನ್ನು ಕೂರಿಸಿ, ಅಳತೆ ಮಾಡಿಸಿ, ತೀರ್ಮಾನ ಕೇಳುತ್ತೇವೆ. ದೇಶಗಳೂ ಹೀಗೇ ಮಾಡಲಿ ಎಂಬುದೇ ಬರ್ತಾ ಅವರ ಮುಖ್ಯ ವಾದ. 1899ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ 26 ದೇಶಗಳ ಸಭೆ ಸೇರಿತು. ಪ್ರತಿನಿಧಿಗಳೆಲ್ಲ ಗಂಡಸರೇ. ಆದರೂ ಬರ್ತಾ ಅಲ್ಲಿಗೆ ಹೋಗಿ ಶಾಂತಿಗಾಗಿ ಓಡಾಡಿದರು. ಆ ಸಭೆಯಲ್ಲೇ ದೇಶಗಳ ವ್ಯಾಜ್ಯ ತೀರಿಸುವ ಖಾಯಂ ಪಂಚಾಯ್ತಿ ನ್ಯಾಯಾಲಯ ಹುಟ್ಟಿತು. ಅದು ಈಗಲೂ ಇದೆ. ಭಾರತಕ್ಕೂ ಬಾಂಗ್ಲಾದೇಶಕ್ಕೂ ಇದ್ದ ಸಮುದ್ರದ ಗಡಿಯ ತಕರಾರು ಅದರ ಆಶ್ರಯದಲ್ಲೇ 2014ರಲ್ಲಿ ತೀರ್ಮಾನವಾಯಿತು. ಎರಡೂ ದೇಶಗಳು ಒಪ್ಪಿಕೊಂಡವು. ಒಂದು ಗುಂಡೂ ಹಾರಲಿಲ್ಲ.

ಎಷ್ಟೋ ಜಗಳ ಹೀಗೆ ತೀರಿಲ್ಲ, ನಿಜ. ಆದರೆ ಒಂದು ಜಗಳ ತೀರಿದರೂ ಎಷ್ಟೋ ಮನೆಗಳಿಗೆ ಅವರವರ ಮಾವಂದಿರು ರಜೆಯ ಮೇಲೆ ಸುಖವಾಗಿ ಬರುತ್ತಾರೆ. ಬರ್ತಾ ಅವರ ಹೆಸರನ್ನು ನಾವು ಮರೆಯಬಾರದು.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ