ಸಂಡೂರಿನಲ್ಲಿದ್ದ ಕೃಷ್ಣನ್

ಚೆನ್ನೈನ ಗಿಂಡಿ ಕಾಡಿನ ಸುತ್ತ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹಕ್ಕಿ ಹುಡುಕುವ ನಮ್ಮಂಥ ಐಟಿ ಮಂದಿಗೆ ಎಂ. ಕೃಷ್ಣನ್ ಒಂದು ರೀತಿಯಲ್ಲಿ ಹಿರಿಯಜ್ಜ. ಅವರ ಬದುಕಿನ ಏಳೆಂಟು ವರ್ಷ ನಮ್ಮ ಬಳ್ಳಾರಿ ಸೀಮೆಯಲ್ಲಿ ಕಳೆಯಿತು ಎಂದು ತಿಳಿದಾಗ ನನಗಂತೂ ಬಹಳ ಖುಷಿಯಾಯಿತು.

ಹುಟ್ಟಿದ್ದು 1912ರಲ್ಲಿ, ತಿರುನೆಲ್ವೇಲಿಯಲ್ಲಿ. ತಂದೆ ಅ. ಮಾಧವಯ್ಯ ತಮಿಳಿನ ಮೊದಮೊದಲ ಕಾದಂಬರಿಕಾರರಲ್ಲೊಬ್ಬರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಕೃಷ್ಣನ್ ಪ್ರೊಫೆಸರ್ ಫೈಸನ್ ಅವರೊಂದಿಗೆ ನೀಲಗಿರಿ, ಕೊಡೈಕೆನಾಲ್ ಬೆಟ್ಟಗಳನ್ನು ಸುತ್ತಿದರು. ಜಲವರ್ಣದಲ್ಲಿ ಚಿತ್ರ ಬರೆಯುವುದನ್ನು ಕಲಿಸಿದವರು ಪ್ರೊಫೆಸರರ ಪತ್ನಿ. ಹಕ್ಕಿಯನ್ನು ನಿಧಾನವಾಗಿ ನೋಡುವ ಅಭ್ಯಾಸ ಅವರಿಗೆ ಕುಂಚದಿಂದಲೇ ಬಂದಿರಬೇಕು ಎಂದು ನನ್ನ ಊಹೆ.

ಕಾನೂನನ್ನೂ ಓದಿದರು, ಆದರೆ ವಕೀಲರಾಗಿ ನೆಲೆ ನಿಲ್ಲಲಿಲ್ಲ. 1942ರಲ್ಲಿ ಸಂಡೂರು ಸಂಸ್ಥಾನದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮೇಷ್ಟ್ರಾದರು, ನ್ಯಾಯಾಧೀಶರಾದರು, ಪ್ರಚಾರಾಧಿಕಾರಿಯಾದರು, ಮಹಾರಾಜರ ರಾಜಕೀಯ ಕಾರ್ಯದರ್ಶಿಯೂ ಆದರು. ಕುರಿ ಸಾಕಲು ಹೋಗಿ ಕೈಸುಟ್ಟುಕೊಂಡರು. ಪಾರಿವಾಳಗಳ ಅಂಚೆ ಮಾತ್ರ ಚೆನ್ನಾಗಿ ನಡೆಯಿತು. (ನಮ್ಮ ಆಫೀಸಿನಲ್ಲಿ ಇದನ್ನೇ ಮಲ್ಟಿಟಾಸ್ಕಿಂಗ್ ಅನ್ನುತ್ತಾರೆ, ಪಾರಿವಾಳವೊಂದಿಲ್ಲ ಅಷ್ಟೆ.)

ಸ್ವಾತಂತ್ರ್ಯದ ಬಳಿಕ ಸಂಸ್ಥಾನ ವಿಲೀನವಾಯಿತು. ಮದ್ರಾಸಿಗೆ ಮರಳಿದ ಕೃಷ್ಣನ್ ಬರಹ ಮತ್ತು ಫೋಟೋಗಳನ್ನೇ ನಂಬಿ ಬದುಕಿದರು. ಮನೆಯಲ್ಲಿ ಪತ್ನಿ ಇಂದುಮತಿ, ಒಬ್ಬ ಮಗ. ತಿಂಗಳಿಗೆ ಇಷ್ಟೇ ಬರುತ್ತದೆ ಎಂಬ ಖಾತ್ರಿಯಿಲ್ಲದೆ ಸಂಸಾರ ತೂಗಿಸುವುದು ಹೇಗಿರುತ್ತದೆ ಎಂಬುದು ಇಎಂಐ ಕಟ್ಟುವ ನಮಗೆ ಗೊತ್ತು. ಆದರೂ ನಾನು ಓದಿದ ಕಡೆಯೆಲ್ಲ ಇಂದುಮತಿಯವರ ಬಗ್ಗೆ ಇರುವುದು ಒಂದೆರಡೇ ಸಾಲು.

1950ರಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಆರಂಭವಾದ ಅವರ ಕಂಟ್ರಿ ನೋಟ್‌ಬುಕ್ ಅಂಕಣ 1996ರ ಫೆಬ್ರವರಿ 18ರಂದು ಅವರು ತೀರಿಕೊಳ್ಳುವವರೆಗೂ ನಡೆಯಿತು. ಆನೆ, ಕಾಟಿಗಳಿಗಿದ್ದ ಮರ್ಯಾದೆಯೇ ಅದರಲ್ಲಿ ಮೈಲಾಪುರದ ಮನೆಯ ಸುತ್ತಲಿನ ಕಾಗೆ, ಅಳಿಲುಗಳಿಗೂ ಇತ್ತು. ಪದ್ಮಶ್ರೀಯೂ ಬಂತು.

ಅವರ ಕ್ಯಾಮೆರಾ ಬೇರೆ ಬೇರೆ ಭಾಗಗಳನ್ನು ತಾವೇ ಜೋಡಿಸಿಕೊಂಡದ್ದು. ಅದಕ್ಕೆ ಸೂಪರ್ ಪಾಂಡೆರೋಸಾ ಎಂದು ಹೆಸರಿಟ್ಟಿದ್ದರು. ಫೋಟೋ ಕಪ್ಪು-ಬಿಳುಪಿನಲ್ಲೇ. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾ ಕೈಯಲ್ಲಿದ್ದೂ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಗೂಡಿನಿಂದ ಹೊರಗೆಳೆಯುವವರನ್ನು ಪಾರ್ಕುಗಳಲ್ಲಿ ನೋಡುತ್ತೇನೆ. ಆಗ ಆ ಪಾಂಡೆರೋಸಾ ನೆನಪಾಗುತ್ತದೆ.

ಊರಿಗಾಗಲಿ ಕಾಡಿಗಾಗಲಿ ಹೊರದೇಶದ ಅಲಂಕಾರದ ಮರಗಳನ್ನು ತಂದು ನೆಡುವುದನ್ನು ಅವರು ಜೀವನಪೂರ್ತಿ ವಿರೋಧಿಸಿದರು. ಈ ನೆಲದ ಗಿಡವೇ ಇಲ್ಲಿನ ಜೀವಿಗಳಿಗೆ ಆಸರೆ ಎಂಬುದು ಅವರ ವಾದ. ನಮ್ಮ ಅಪಾರ್ಟ್‌ಮೆಂಟಿನವರು ಈಗ ಹಿತ್ತಲಿನ ಅತ್ತಿಮರ ಕಡಿದು ಸಾಲಾಗಿ ಪಾಮ್ ಗಿಡ ನೆಡಬೇಕೆಂದಿದ್ದಾರೆ. ಆ ಅತ್ತಿಗೆ ಬರುವ ಕೋಗಿಲೆ, ಕುಟ್ರುಹಕ್ಕಿ, ಪಿಕಳಾರಗಳ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ. ಮುಂದಿನ ವಾರ ಮೀಟಿಂಗ್ ಇದೆ.