ಅಲ್ಜೈಮರ್ ಎಂಬುದು ಒಬ್ಬ ಡಾಕ್ಟರ ಹೆಸರು: ಅವರು ರೋಗಿಗೆ ಕೇಳಿದ್ದೇನು?

ಸಾಲು ಸಾಲು 9ರ ನಡುವೆ ಒಂದು 6 ಅಡಗಿದೆ, ಅದು ಸಿಕ್ಕರೆ ನಿಮಗೆ ಅಲ್ಜೈಮರ್ ಇಲ್ಲ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ನಮ್ಮ ಮನೆಯ ಗ್ರೂಪಿಗಂತೂ ಆಗಾಗ ಬರುತ್ತದೆ. ಅದು ಕಣ್ಣಿಗೆ ಒಳ್ಳೆಯ ಆಟ, ಅಷ್ಟೇ. ಮರೆವಿನ ಕಾಯಿಲೆ ಇದೆಯೋ ಇಲ್ಲವೋ ಎಂದು ಅದರಿಂದ ತಿಳಿಯುವುದಿಲ್ಲ. ಯಾಕೆ ಎಂಬುದಕ್ಕೆ ಉತ್ತರ, ಆ ಕಾಯಿಲೆಗೆ ಹೆಸರು ಕೊಟ್ಟ ಡಾಕ್ಟರ ಬದುಕಿನಲ್ಲೇ ಇದೆ.

ಅಲೋಯಿಸ್ ಅಲ್ಜೈಮರ್ 1864ರಲ್ಲಿ ಜರ್ಮನಿಯ ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ವೈದ್ಯಕೀಯ ಓದಿ, 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಸೇರಿದರು. ಹಗಲು ರೋಗಿಗಳ ಜೊತೆ ಮಾತು, ಉಳಿದ ಹೊತ್ತಿನಲ್ಲಿ ಮೈಕ್ರೋಸ್ಕೋಪ್. 1901ರಲ್ಲಿ ಪತ್ನಿ ಸೆಸಿಲಿ ತೀರಿಕೊಂಡರು, ಮನೆಯಲ್ಲಿ ಮೂವರು ಸಣ್ಣ ಮಕ್ಕಳು.

ಅದೇ ವರ್ಷದ ನವೆಂಬರ್‌ನಲ್ಲಿ 51 ವರ್ಷದ ಆಗುಸ್ಟೆ ಎಂಬ ಮಹಿಳೆಯನ್ನು ಆಸ್ಪತ್ರೆಗೆ ಸೇರಿಸಲಾಯಿತು. ಗಂಡನ ಮೇಲೆ ವಿನಾಕಾರಣ ಅನುಮಾನದಿಂದ ಶುರುವಾದದ್ದು, ಮರೆವು ಮತ್ತು ಗೊಂದಲಕ್ಕೆ ತಿರುಗಿತ್ತು. ಅಲ್ಜೈಮರ್ ಎದುರು ಕುಳಿತು ಒಂದೊಂದಾಗಿ ಕೇಳಿದರು. ಹೆಸರು ಕೇಳಿದಾಗ ಆಗುಸ್ಟೆ ಎಂದರು. ಗಂಡನ ಹೆಸರು ಕೇಳಿದರೂ ತಮ್ಮ ಹೆಸರನ್ನೇ ಹೇಳಿದರು. ಪೆನ್ಸಿಲ್, ಪೆನ್ನು, ಬೀಗದ ಕೈ ತೋರಿಸಿದರೆ ಸರಿಯಾಗಿಯೇ ಗುರುತಿಸಿದರು. ಸ್ವಲ್ಪ ಹೊತ್ತು ಬಿಟ್ಟು ಏನೇನು ತೋರಿಸಿದೆ ಎಂದರೆ ನೆನಪಿಲ್ಲ. ಊಟಕ್ಕೆ ಹೂಕೋಸು ತಿನ್ನುತ್ತಾ ಪಾಲಕ್ ತಿನ್ನುತ್ತಿದ್ದೇನೆ ಎಂದರು. ಹೆಸರು ಬರೆಯಲು ಹೇಳಿದರೆ ಶ್ರೀಮತಿ ಎಂಬಷ್ಟು ಬರೆದು, ಮುಂದಿನದು ಮರೆತುಹೋಯಿತು.

ಇಲ್ಲಿ ಗಮನಿಸಬೇಕಾದ್ದು, ಆಕೆಗೆ ಎಲ್ಲವೂ ಮರೆತಿರಲಿಲ್ಲ. ವಸ್ತು ಗುರುತಿಸುವ ಶಕ್ತಿ ಇನ್ನೂ ಇತ್ತು, ಹೊಸದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಸಿದಿತ್ತು. ಇಂದಿನ ನ್ಯೂರೋಸೈಕಾಲಜಿ ಪರೀಕ್ಷೆ ಮಾಡುವುದೂ ಇದನ್ನೇ, ಆದರೆ ಇನ್ನಷ್ಟು ಅಳತೆಯಿಂದ: ಕೆಲವು ಪದ ಹೇಳಿ ಹಲವು ನಿಮಿಷದ ನಂತರ ಕೇಳುವುದು, ಗಡಿಯಾರದ ಚಿತ್ರ ಬರೆಸುವುದು, ಲೆಕ್ಕ, ಮಾತು, ಗಮನ. ಸೂಜಿಯಿಲ್ಲ, ನೋವಿಲ್ಲ, ಆದರೆ ಕೆಲವು ಗಂಟೆ ಹಿಡಿಯಬಹುದು. ಅಂಕಗಳನ್ನು ಅದೇ ವಯಸ್ಸಿನ, ಅಷ್ಟೇ ಓದಿದವರ ಅಂಕಗಳ ಜೊತೆ ಹೋಲಿಸುತ್ತಾರೆ. ಶಾಲೆಗೇ ಹೋಗದ ಅಜ್ಜಿ ಕಳೆಯುವ ಲೆಕ್ಕ ತಪ್ಪಿದರೆ ಅದು ಕಾಯಿಲೆಯಲ್ಲ. ಭಾಷೆಯೂ ಮುಖ್ಯ, ಅದಕ್ಕೇ ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಮನೆಯವರನ್ನೂ ವಿಚಾರಿಸುತ್ತಾರೆ: ಗೊತ್ತಿರುವ ದಾರಿ ತಪ್ಪುತ್ತಾರಾ, ಹಣದ ವ್ಯವಹಾರ ಎಡವುತ್ತಿದೆಯಾ ಎಂದು. ಖಿನ್ನತೆ, ಥೈರಾಯ್ಡ್, ಬಿ12 ಕೊರತೆ, ಕೆಲವು ನಿದ್ರೆ ಮಾತ್ರೆಗಳೂ ಮರೆವು ತರುತ್ತವೆ, ಇವುಗಳಿಗೆ ಚಿಕಿತ್ಸೆ ಇದೆ. ವಯಸ್ಸಾಯ್ತು, ಅರಳು ಮರಳು ಎಂದು ಸುಮ್ಮನಿದ್ದರೆ ಇದೂ ತಪ್ಪಿಹೋಗುತ್ತದೆ.

ಅಲ್ಜೈಮರ್ 1903ರಲ್ಲಿ ಮ್ಯೂನಿಕ್‌ಗೆ ಹೋದರೂ ಆಗುಸ್ಟೆಯ ವಿಚಾರ ಬಿಡಲಿಲ್ಲ. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ತರಿಸಿಕೊಂಡರು. ಕುಗ್ಗಿದ ಆ ಮಿದುಳಿಗೆ ಬೆಳ್ಳಿಯ ರಾಸಾಯನಿಕ ಬಣ್ಣ ಹಾಕಿ ನೋಡಿದಾಗ ಜೀವಕೋಶಗಳ ಒಳಗೆ ಗಂಟುಬಿದ್ದ ಎಳೆಗಳು, ಹೊರಗೆ ಯಾವುದೋ ವಸ್ತುವಿನ ಕಲೆಗಳು ಕಂಡವು. ಅದೇ ನವೆಂಬರ್‌ನಲ್ಲಿ ಟ್ಯೂಬಿಂಗನ್‌ನ ವೈದ್ಯರ ಸಭೆಯಲ್ಲಿ ವಿವರಿಸಿದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ! 1910ರಲ್ಲಿ ಹಿರಿಯ ವೈದ್ಯ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಇದನ್ನು ಅಲ್ಜೈಮರ್ ಕಾಯಿಲೆ ಎಂದು ಕರೆದರು. ಇದು ನಿಜಕ್ಕೂ ಬೇರೆಯೇ ಕಾಯಿಲೆಯೇ ಎಂಬ ಅನುಮಾನ ಸ್ವತಃ ಅಲ್ಜೈಮರ್‌ಗೆ ಇತ್ತು.

1912ರಲ್ಲಿ ಬ್ರೆಸ್ಲೌನಲ್ಲಿ ಪ್ರೊಫೆಸರ್ ಆದರು. ಆರೋಗ್ಯ ಕೆಟ್ಟು 1915ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆಗ ಅವರಿಗೂ 51 ವರ್ಷ.

ಆಗುಸ್ಟೆಯ ಕಡತ ದಶಕಗಳ ಕಾಲ ಕಾಣೆಯಾಗಿತ್ತು. 1995ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯ ಹಳೆಯ ದಾಖಲೆಗಳ ನಡುವೆ ಸಿಕ್ಕಿತು. ಅಲ್ಜೈಮರ್ ಕೈಬರಹದ ಪ್ರಶ್ನೋತ್ತರಗಳು, ಆಕೆಯ ಫೋಟೋ, ಜೊತೆಗೆ ಆಕೆ ತನ್ನ ಹೆಸರು ಬರೆಯಲು ಹೊರಟ ಆ ಹಾಳೆಯೂ ಅದರಲ್ಲಿದ್ದವು.